ಮಾರುಕಟ್ಟೆ ಟ್ಯಾಂಕಿನ ಭಾರ

ನಮ್ಮೂರಿನ ಕಟ್ಟಡ ಕಚೇರಿಯಲ್ಲಿ ದಿನದ ಕೆಲಸ ಶುರುವಾಗುವುದು ಕಾಂಪೌಂಡರ್ ಇಸ್ಮಾಯಿಲಣ್ಣ ಮಹಡಿ ಹತ್ತಿದ ಮೇಲೆ. ಒಂದು ಕೈಯಲ್ಲಿ ನೋವಿನೆಣ್ಣೆಯ ಬಾಟಲಿ, ಇನ್ನೊಂದರಲ್ಲಿ ಉದ್ದದ ಪುಸ್ತಕ. ಮೇಲಿನ ಹಾಲ್‌ನಲ್ಲಿ ಕೂತ ಏಳು ಜನ ಇಂಜಿನಿಯರುಗಳ ಮೇಜಿನ ಹತ್ತಿರ ಒಬ್ಬೊಬ್ಬರಂತೆ ನಿಂತು, “ಮೈ ಹೇಗಿದೆ ಸಾರ್?” ಎಂದು ಕೇಳುತ್ತಾರೆ. ಬಸ್ ನಿಲ್ದಾಣದ ಚಾವಣಿಗೆ ಸಹಿ ಮಾಡಿದವರು ಬೆನ್ನಿನ ಸುದ್ದಿ ಹೇಳುತ್ತಾರೆ, ಆಸ್ಪತ್ರೆಗೆ ಸಹಿ ಮಾಡಿದವರು ಸೊಂಟದ್ದು. ಯಾರಾದರೂ ಹೊಸ ನೋವು ಹೇಳಿದರೆ ಅವತ್ತೇ ಮಧ್ಯಾಹ್ನ ಗಾರೆಯವರು ಏಣಿ ಹೊತ್ತುಕೊಂಡು ಆ ಕಟ್ಟಡಕ್ಕೆ ಹೋಗುತ್ತಾರೆ. ಹೊಸ ನೋವು ಇಲ್ಲವೆಂದರೆ ಯಾರೂ ಹೋಗುವುದಿಲ್ಲ. ಕಟ್ಟಡದ ಭಾರ ಸಹಿ ಮಾಡಿದವರ ಮೈಗೆ ಬರುತ್ತದೆ; ನಮ್ಮಲ್ಲಿ ಕಟ್ಟಡಗಳ ತಪಾಸಣೆ ಎಂದರೆ ಇಷ್ಟೇ. ಇದರಲ್ಲೇ ಊರು ಬಹಳ ಕಾಲದಿಂದ ನೆಮ್ಮದಿಯಾಗಿತ್ತು.

ಇಸ್ಮಾಯಿಲಣ್ಣ ಕೆಳಗಿನ ಲೆಕ್ಕದ ಕೋಣೆಗೆ ಬರುತ್ತಿರಲಿಲ್ಲ. ಅಲ್ಲಿ ನಾವು ನಾಲ್ವರು ಹೆಂಗಸರು. ನಾಲ್ವರಿಗೂ ಇಂಜಿನಿಯರಿಂಗ್ ಪದವಿ ಇತ್ತು. ಊರಿನಲ್ಲಿ ಕಟ್ಟುವ ಪ್ರತಿಯೊಂದರ ಲೆಕ್ಕ, ಅಂದರೆ ಕಂಬ ಎಷ್ಟು ದಪ್ಪ, ಕಂಬಿ ಎಷ್ಟು, ಎಷ್ಟು ಭಾರ ತಡೆಯುತ್ತದೆ ಎಂಬುದೆಲ್ಲ, ನಮ್ಮ ಮೇಜಿನ ಮೇಲೆಯೇ ಆಗುತ್ತಿತ್ತು. ಆಮೇಲೆ ಹಾಳೆ ಮೇಲೆ ಹೋಗಿ ಸಹಿಯಾಗಿ ಬರುತ್ತಿತ್ತು. ಹೆಂಗಸರು ಸಹಿ ಮಾಡುವಂತಿರಲಿಲ್ಲ. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ, ಬರೆಯುವ ಅಗತ್ಯವೇ ಬಿದ್ದಿರಲಿಲ್ಲ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಇಂಜಿನಿಯರಿಂಗ್‌ಗೆ ಸೇರುತ್ತೇನೆಂದಾಗ ಅಪ್ಪ ಮೂರನೆಯ ದಿನಕ್ಕೆ ಒಪ್ಪಿದರು. ಅಮ್ಮ ಒಪ್ಪಿದ್ದು ನನ್ನಿಂದ ಮಾತು ತೆಗೆದುಕೊಂಡ ಮೇಲೆ. “ಓದು, ಬೇಡ ಅನ್ನಲ್ಲ. ಯಾವ ಕಾಗದಕ್ಕೂ ಸಹಿ ಹಾಕ್ಬೇಡ ವಾರಿಜ. ಮೈಮೇಲೆ ಸೇತುವೆ ಹೊತ್ಕೊಂಡಿರೋಳನ್ನ ಯಾರು ಮಾಡ್ಕೋತಾರೆ? ನಾಳೆ ಬಸುರಿ ಆದಾಗ ಲಾರಿ ಹೋದ್ರೆ?” ನಮ್ಮ ತರಗತಿಯಲ್ಲಿ ಹನ್ನೊಂದು ಹುಡುಗಿಯರು. ಹನ್ನೊಂದು ಜನರ ಪದವಿ ಪತ್ರಕ್ಕೂ ಅಪ್ಪಂದಿರೋ ಅಣ್ಣಂದಿರೋ ಸಹಿ ಹಾಕಿ ತೆಗೆದುಕೊಂಡರು. ನಾನು ಮೊದಲನೆಯವಳಾಗಿ ಪಾಸಾಗಿದ್ದೆ. ಅಪ್ಪ ಸಹಿ ಹಾಕಿದ ಕೂಡಲೇ ಪೆನ್ನನ್ನು ದೂರ ಸರಿಸಿದ್ದು ನೆನಪಿದೆ. ಆ ಸಹಿಯಿಂದ ತಮಗೆ ಏನು ಬಂದೀತೋ ಎಂದು ಅವರೂ ಹೆದರಿದ್ದರು.

ನಾನು ಲೆಕ್ಕದ ಕೋಣೆಯಲ್ಲಿ ಪೂರ್ತಿಯಾಗಿ ಒಬ್ಬಳೇ ಮಾಡಿದ ಮೊದಲ ದೊಡ್ಡ ಲೆಕ್ಕ ಮಾರುಕಟ್ಟೆಯ ನೀರಿನ ಟ್ಯಾಂಕಿನದು. ಆರು ಕಂಬ, ಅವುಗಳ ತಲೆಯನ್ನು ಕೂಡಿಸುವ ಸುತ್ತು ತೊಲೆ, ಅದರ ಮೇಲೆ ಟ್ಯಾಂಕು. ಸಹಿ ಪಂಪಾಪತಿ ಸಾಹೇಬರದು. ಅವರು ಆಗ ಕಚೇರಿಯ ಎರಡನೆಯವರು, ಈಗ ಮೊದಲನೆಯವರು. ಟ್ಯಾಂಕಿಗೆ ಹನ್ನೊಂದು ವರ್ಷ. ನನ್ನ ಹೆಗಲ ಭಾರಕ್ಕೂ ಹನ್ನೊಂದು ವರ್ಷ ಎಂಬುದು ನನಗೆ ಹೊಳೆಯಲು ಅಷ್ಟೇ ಕಾಲ ಹಿಡಿಯಿತು. ಬಗ್ಗಿ ಕೂತು ಬರೆಯುವವರಿಗೆ ಹೆಗಲು ನೋಯದೆ ಇನ್ನೇನು? ಹಾಗೆಂದು ಡಾಕ್ಟರು ಹೇಳಿದ್ದರು, ಅಮ್ಮನೂ ಹೇಳಿದ್ದಳು. ಅಮ್ಮ ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಡುತ್ತಿದ್ದಳು.

ಈ ವರ್ಷ ಬೇಸಿಗೆಗೆ ಮೊದಲು, ನೀರು ಸಾಲದೆಂದು ಟ್ಯಾಂಕಿನ ಗೋಡೆಯನ್ನು ಎರಡು ಅಡಿ ಎತ್ತರಿಸಿದರು. ಲೆಕ್ಕದ ಕೋಣೆಗೆ ಹಾಳೆ ಬರಲಿಲ್ಲ. ಇಸ್ಮಾಯಿಲಣ್ಣ ಒಂದು ವಾರ ಪಂಪಾಪತಿ ಸಾಹೇಬರ ಮೈ ವಿಚಾರಿಸಿದರು. ಸಾಹೇಬರು ಎಡ ಭುಜ ಒಂಚೂರು ಭಾರ, ಬೇರೇನೂ ಇಲ್ಲ ಎಂದರು. ಟ್ಯಾಂಕಿಗೆ ಒಪ್ಪಿಗೆಯಾಯಿತು. ಅದೇ ವಾರ ನನ್ನ ನೋವಿನ ರೀತಿ ಬದಲಾಯಿತು. ಅಲ್ಲಿಯವರೆಗೆ ಎರಡೂ ಹೆಗಲಿಗೆ ಹರಡಿಕೊಂಡಿದ್ದ ಭಾರ, ಎಡ ಹೆಗಲಿನ ಮುಂದಿನ ಎಲುಬಿನ ಕೆಳಗೆ ಒಂದೇ ಚುಕ್ಕೆಯಾಗಿ ಕೂತಿತು. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಏರುತ್ತಿತ್ತು, ಹನ್ನೆರಡರ ಹೊತ್ತಿಗೆ ಇಳಿಯುತ್ತಿತ್ತು. ಬಗ್ಗಿ ಬರೆಯುವುದರಿಂದ ಬರುವ ನೋವು ಕೆಲಸಕ್ಕೆ ಮೊದಲೇ ಬಂದು ಕೆಲಸದ ನಡುವೆ ಇಳಿಯುವುದು ನನಗೆ ಸರಿಯೆನಿಸಲಿಲ್ಲ. ನಲವತ್ತು ದಿನ ನೋವಿನ ಹೊತ್ತನ್ನು ಬರೆದಿಟ್ಟೆ. ಆಮೇಲೆ ಟ್ಯಾಂಕಿನ ನೀರುಗಂಟಿ ಹೊನ್ನೂರಪ್ಪನ ಹತ್ತಿರ ಹೋಗಿ ವಾಲ್ವ್ ತೆರೆದ, ಮುಚ್ಚಿದ ಹೊತ್ತಿನ ಪಟ್ಟಿ ಕೇಳಿದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಸಂಜೆ ನನಗೆ ಬಂದ ಭಯವನ್ನು ಹೇಗೆ ಹೇಳಲಿ? ಪಂಪು ಕೆಟ್ಟು ನೀರು ತುಂಬಿಸದ ಎರಡು ದಿನ ಕೂಡ ನನ್ನ ಪುಸ್ತಕದಲ್ಲಿ ಇತ್ತು. ಆ ಎರಡು ದಿನ ‘ನೋವಿಲ್ಲ’ ಎಂದು ಬರೆದಿದ್ದೆ. ಹಳೆಯ ಹಾಳೆ ತೆಗೆದು ಎರಡು ಅಡಿ ನೀರು ಸೇರಿಸಿ ಲೆಕ್ಕ ಮಾಡಿದೆ. ಎರಡನೆಯ ಮತ್ತು ಮೂರನೆಯ ಕಂಬದ ನಡುವೆ, ನನ್ನ ಎಡ ಎಲುಬಿನ ಜಾಗದಲ್ಲಿ, ಸುತ್ತು ತೊಲೆ ತಡೆಯಬಲ್ಲದ್ದಕ್ಕಿಂತ ಹೆಚ್ಚು ಹೊರುತ್ತಿತ್ತು. ಟ್ಯಾಂಕಿನ ನೆರಳಿನಲ್ಲಿ ಇನ್ನೂರು ಜನ ತರಕಾರಿ ಮಾರುತ್ತಾರೆ.

ಅಮ್ಮನಿಗೆ ಹೇಳಿದೆ. ಅವಳು ಉಪ್ಪಿನ ಗಂಟನ್ನು ಕೆಳಗಿಟ್ಟಳು. “ನೀನು ಸಹಿ ಮಾಡಿಲ್ವಲ್ಲ?”

“ಮಾಡಿಲ್ಲಮ್ಮ. ಲೆಕ್ಕ ಮಾಡಿದ್ದೆ. ಲೆಕ್ಕ ಮಾಡ್ದೋರಿಗೇ ಬರುತ್ತೆ ಅನ್ಸುತ್ತೆ.”

 ಅವಳು ಬಾಗಿಲು ಹಾಕಿ ಬಂದು ಮೆಲ್ಲಗೆ ಅಂದಳು, “ಯಾರಿಗೂ ಹೇಳ್ಬೇಡ ಕಣೆ. ಹುಚ್ಚಿ ಅಂತಾರೆ. ನಂಬಿದ್ರೆ ಅದಕ್ಕಿಂತ ಕಷ್ಟ.”

ಮಾರನೆಯ ದಿನ ಪಂಪಾಪತಿ ಸಾಹೇಬರ ಕೋಣೆಗೆ ಎರಡೂ ಪಟ್ಟಿ ತೆಗೆದುಕೊಂಡು ಹೋದೆ. ಟ್ಯಾಂಕು ಖಾಲಿ ಮಾಡಿಸಿ ತೊಲೆ ಪರೀಕ್ಷೆ ಮಾಡಿಸಬೇಕು ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಪಟ್ಟಿಯನ್ನು ಎರಡು ಸಲ ನೋಡಿದರು. “ನೋಡಮ್ಮ, ಬೇಸಿಗೆ. ಟ್ಯಾಂಕು ಖಾಲಿ ಮಾಡಿದ್ರೆ ಅರ್ಧ ಊರು ಕೊಡ ಹಿಡ್ಕೊಂಡು ಇಲ್ಲಿಗೆ ಬರುತ್ತೆ. ಏನಂತ ಹೇಳ್ಲಿ? ನಮ್ಮ ಲೆಕ್ಕದ ಹುಡುಗಿಗೆ ಹೆಗಲು ನೋವು ಅಂತ ಹೇಳ್ಲಾ? ಸಹಿ ನನ್ನದು. ನನ್ನ ಭುಜ ಚೆನ್ನಾಗಿದೆ.” ನನಗೆ ಮೂವತ್ತಾರು ವರ್ಷ. ಹುಡುಗಿ ಎಂದದ್ದಕ್ಕೆ ಸಿಟ್ಟು ಬರುವಷ್ಟು ಜಾಗ ನನ್ನೊಳಗೆ ಉಳಿದಿರಲಿಲ್ಲ.

“ಹಾಗಾದ್ರೆ ಪರೀಕ್ಷೆ ಮಾಡಿ ಸಾರ್,” ಎಂದೆ. “ಇಬ್ಬರೂ ಟ್ಯಾಂಕು ಕಾಣದ ಕೋಣೆಯಲ್ಲಿ ಕೂರೋಣ. ಹೊನ್ನೂರಪ್ಪ ಗಂಟೆಗೊಂದು ಸಲ ನಾಣ್ಯ ಚಿಮ್ಮಲಿ. ತಲೆ ಬಿದ್ರೆ ಒಂದು ಗಂಟೆ ತುಂಬಿಸ್ಲಿ, ಅಂಕಿ ಬಿದ್ರೆ ಒಂದು ಗಂಟೆ ಬಿಡ್ಲಿ. ನಾವು ಏರ್ತಿದೆಯೋ ಇಳೀತಿದೆಯೋ ಬರೀತಾ ಹೋಗೋಣ. ಆರು ಗಂಟೆ. ಆರೂ ಸುಮ್ನೆ ಸರಿಹೋಗೋ ಸಾಧ್ಯತೆ ಅರವತ್ತನಾಲ್ಕರಲ್ಲಿ ಒಂದು.”

ಅವರು ಒಪ್ಪಿದರು. ಯಾಕೆ ಒಪ್ಪಿದರೆಂದು ಆಗ ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ತೊಲೆ ಒಡೆಯುತ್ತಿದೆ ಎಂದು ತೋರಿಸಲು ಅದರ ಮೇಲೆಯೇ ನೀರು ಏರಿಸಬೇಕು. ಮೂರು ಗಂಟೆ ತುಂಬಿಸಿದರೆ ಟ್ಯಾಂಕು ಭರ್ತಿ. ನಾಣ್ಯ ಎಷ್ಟು ಸಲ ತಲೆ ತೋರಿಸುತ್ತದೋ ಯಾರಿಗೆ ಗೊತ್ತು? ಅರ್ಧಕ್ಕೇ ನಿಲ್ಲಿಸೋಣ ಎಂದು ಕೇಳಿದೆ. “ಅರ್ಧ ಟ್ಯಾಂಕಿನಿಂದ ಏನೂ ಗೊತ್ತಾಗಲ್ಲ, ನಿಮ್ಮ ವಿಜ್ಞಾನವೇ ಹಾಗನ್ನುತ್ತಲ್ಲ,” ಎಂದರು ಸಾಹೇಬರು. ದಿನವೂ ತುಂಬುವ ಟ್ಯಾಂಕೇ, ಇನ್ನೊಂದು ಸಲ ತುಂಬುತ್ತದೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಮಾರುಕಟ್ಟೆಗೆ ಮಂಗಳವಾರ ರಜೆ, ಪರೀಕ್ಷೆಗೆ ಆ ದಿನವನ್ನೇ ಆರಿಸಿದೆವು. ಆದರೂ ಟ್ಯಾಂಕಿನ ಕೆಳಗೆ ಹಮಾಲರು ಮಲಗಿರುತ್ತಾರೆ. ಹೊನ್ನೂರಪ್ಪನಿಗೆ ಹೇಳಿದಾಗ ಆತ ನಕ್ಕ. “ಟ್ಯಾಂಕು ಬೀಳ್ತದೆ ಅಂದ್ರೆ ಅವ್ರು ಏಳಲ್ಲ ಅಕ್ಕಾ. ಮೇಲಿಂದ ಎರಡು ಬಕೀಟು ನೀರು ಸುರೀತೀನಿ, ಬೈಕೊಂಡು ಎದ್ದು ಹೋಗ್ತಾರೆ.” ಹಾಗೆಯೇ ಮಾಡಿದನಂತೆ.

ಬೆಳಿಗ್ಗೆ ಏಳಕ್ಕೆ ಕಚೇರಿಯ ಹಿಂದಿನ ದಾಸ್ತಾನು ಕೋಣೆಯಲ್ಲಿ ಕೂತೆವು. ಕಿಟಕಿ ಮುಚ್ಚಿತ್ತು. ಗೋಡೆಗೆ ಒಂದು ಗಡಿಯಾರ. ಮೇಜಿನ ಈ ಕಡೆ ನಾನು, ಎದುರಿಗೆ ಸಾಹೇಬರು, ಸಾಕ್ಷಿಗೆ ಬಾಗಿಲ ಹತ್ತಿರ ಇಸ್ಮಾಯಿಲಣ್ಣ. ಟ್ಯಾಂಕು ಅರ್ಧ ಮೈಲಿ ದೂರ, ಅದನ್ನು ಪೂರ್ತಿ ಖಾಲಿ ಮಾಡಿ ಶುರು ಮಾಡಿದ್ದೆವು.

ಏಳೂಕಾಲರ ಹೊತ್ತಿಗೆ ಹೆಗಲಿನ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದ ಹಾಗಾಯಿತು. ಕೈ ತಾನಾಗಿ ಎಲುಬಿನ ಹತ್ತಿರ ಹೋಯಿತು. ‘ಏರುತ್ತಿದೆ’ ಎಂದು ಬರೆದೆ. ಸಾಹೇಬರೂ ಬರೆದರು. ಎಂಟು ದಾಟಿದ ಮೇಲೆ ಇಳಿಯಿತು. ಉಸಿರು ಬಿಟ್ಟು ಬರೆದೆ. ಸಾಹೇಬರು ಒಂದು ಕ್ಷಣ ತಡೆದು ಬರೆದರು. ಆ ಒಂದು ಕ್ಷಣವೇ ನನಗೆ ಚುಚ್ಚಿತು. ಅವರು ಗಡಿಯಾರವನ್ನಾಗಲಿ ಹಾಳೆಯನ್ನಾಗಲಿ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

ಒಂಬತ್ತರ ಮೇಲೆ ಮತ್ತೆ ಏರತೊಡಗಿದಾಗ ಕೈಯನ್ನು ಮಡಿಲಲ್ಲಿ ಬಿಗಿಹಿಡಿದೆ. ಮುಖ ಬದಲಿಸಲಿಲ್ಲ. ಬರೆಯಲೂ ಇಲ್ಲ. ಸಾಹೇಬರು ಕಾದರು. ಒಂಬತ್ತೂವರೆ, ಒಂಬತ್ತೂಮುಕ್ಕಾಲು. ಹಣೆಯ ಬೆವರು ಒರೆಸಿಕೊಂಡರು, ಪೆನ್ನು ಎತ್ತಿದರು, ಇಳಿಸಿದರು. ಒಂಬತ್ತು ಐವತ್ತಕ್ಕೆ ನಾನು ಬೇಕೆಂದೇ ಹುಬ್ಬು ಗಂಟಿಕ್ಕಿ ಎಲುಬು ಒತ್ತಿಕೊಂಡೆ. ತಕ್ಷಣ ಅವರ ಪೆನ್ನು ಓಡಿತು. ಆಮೇಲೆ ನಾನೂ ಬರೆದೆ.

ಹೀಗೆಯೇ ಮುಗಿದರೆ ಏನಾಗುತ್ತದೆಂದು ನನಗೆ ಆಗ ಸ್ಪಷ್ಟವಾಯಿತು. ಎರಡು ಹಾಳೆಯೂ ಒಂದೇ ಆಗುತ್ತದೆ. ಇಬ್ಬರಿಗೂ ತಿಳಿಯುತ್ತದೆ ಎಂದಾಗುತ್ತದೆ. ಸಹಿ ಮಾಡಿದವರು, ‘ನನಗೂ ಗೊತ್ತಾಗುತ್ತಿದೆ, ಹೊಸ ನೋವೇನೂ ಇಲ್ಲ’ ಎಂದರೆ ಅಲ್ಲಿಗೆ ಮುಗಿಯಿತು. ಟ್ಯಾಂಕು ನಾಳೆ ಬೆಳಿಗ್ಗೆ ಬುಧವಾರದ ಮಾರುಕಟ್ಟೆಯ ಮೇಲೆ ಭರ್ತಿಯಾಗುತ್ತದೆ. ಜಗಳವಾಡಿದರೆ ಪರೀಕ್ಷೆ ಕೆಡಿಸಿದವಳು ನಾನಾಗುತ್ತೇನೆ. ನನ್ನ ಕೈಯಲ್ಲಿ ಉಳಿದಿದ್ದದ್ದು ನನ್ನ ಮುಖ ಒಂದೇ.

ಹತ್ತಾಯಿತು. ಇಳಿಯುತ್ತದೆಯೇ ಎಂದು ಕಾದೆ. ಇಳಿಯಲಿಲ್ಲ, ಏರಿತು. ಆಗ ನಾನು ಹೆಗಲು ಸಡಿಲಿಸಿ ಕುರ್ಚಿಗೆ ಒರಗಿ, ಹಾಯೆನ್ನುವಂತೆ ಉಸಿರು ಬಿಟ್ಟೆ. ಎಡಗೈಯಿಂದ ಹಾಳೆ ಮರೆಮಾಡಿ ‘ಏರುತ್ತಿದೆ’ ಎಂದು ಬರೆದೆ. ಸಾಹೇಬರ ಮುಖದಲ್ಲಿ ನೆಮ್ಮದಿ ಕಂಡಿತು. ಬರೆದುಕೊಂಡರು.

“ಇಸ್ಮಾಯಿಲಣ್ಣ, ಟೀ ಸಿಗುತ್ತಾ?” ಎಂದು ಕೇಳಿದೆ. ದನಿ ನನ್ನದಲ್ಲ ಅನ್ನಿಸಿತು.

“ತರಿಸ್ತೀನಿ ತಂಗಿ. ಮೈ ಹಗುರ ಆದಂಗಿದೆ?”

“ಹೂಂ,” ಎಂದೆ.

ಹನ್ನೊಂದಾಯಿತು. ದೇವರೇ, ಈಗ ಅಂಕಿ ಬೀಳಲಿ ಎಂದು ನಾಣ್ಯವನ್ನು ಬೇಡಿಕೊಂಡೆ. ಪದವಿ ಪಡೆದವಳು, ನಾಣ್ಯಕ್ಕೆ ನೆನಪಿರುವುದಿಲ್ಲ ಎಂದು ಬಲ್ಲವಳು, ಆದರೂ ಬೇಡಿಕೊಂಡೆ. ಅದು ಮತ್ತೆ ತಲೆಯನ್ನೇ ತೋರಿಸಿರಬೇಕು, ಭಾರ ಏರುತ್ತಲೇ ಹೋಯಿತು. ಹನ್ನೊಂದೂವರೆಗೆ ಟ್ಯಾಂಕು ಮುಕ್ಕಾಲು ದಾಟಿರಬೇಕು, ಚುಕ್ಕೆ ಬಿಸಿಯಾಯಿತು. ಟೀ ಲೋಟ ಎತ್ತಿದೆ. ಬಲಗೈಯಿಂದಲೇ ಎತ್ತಿದೆ, ಎಡಗೈ ಏಳುತ್ತಿರಲಿಲ್ಲ. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುವಾಗ ಎಲುಬಿನ ಕೆಳಗೆ ಬಟ್ಟೆಯ ಒಂದು ಹೊಲಿಗೆ ಕಿತ್ತುಬಂದ ಹಾಗೆ ‘ಟಿಕ್’ ಎಂದಿತು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು. ಒಳಗಿನ ಕಂಬಿ ಕಾಂಕ್ರೀಟಿನಿಂದ ಬಿಡಿಸಿಕೊಳ್ಳುತ್ತಿತ್ತು. ನಿಲ್ಲಿಸಿ ಎಂದು ಕೂಗಬೇಕು. ಕೂಗಿದರೆ ಇವತ್ತು ಬೀಳುವುದಿಲ್ಲ, ಬೇರೊಂದು ದಿನ ಇನ್ನೂರು ಜನರ ಮೇಲೆ ಬೀಳುತ್ತದೆ. ಕೂಗದಿದ್ದರೆ ಹೊನ್ನೂರಪ್ಪ ಅದರ ಬುಡದಲ್ಲೇ ನಿಂತಿದ್ದಾನೆ. ಅವನ ಹೆಸರನ್ನು ಮನಸ್ಸಿನಲ್ಲಿ ಎಷ್ಟು ಸಲ ಅಂದುಕೊಂಡೆನೋ. ಹಾಳೆ ಮರೆಮಾಡಿ ‘ಏರುತ್ತಿದೆ’ ಎಂದು ಬರೆದು, ಸಾಹೇಬರ ಮುಖ ನೋಡಿ ನಕ್ಕೆ. ಅವರು ‘ಇಳಿಯುತ್ತಿದೆ’ ಎಂದು ಬರೆದುಕೊಂಡರು.

ಹನ್ನೆರಡು ಹೊಡೆದಾಗ ಕಣ್ಣು ಮುಚ್ಚಿಕೊಂಡಿದ್ದೆ. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಹಳ ನಿಧಾನವಾಗಿ, ಕಚ್ಚಿದ ಹಲ್ಲು ಸಡಿಲವಾದ ಹಾಗೆ, ಭಾರ ಇಳಿಯತೊಡಗಿತು. ಅಳು ಬಂತು. ಬರಲಿ ಎಂದು ಬಿಟ್ಟೆ. ಎಲುಬು ಒತ್ತಿಕೊಂಡು, ಮೇಜಿನ ಮೇಲೆ ತಲೆಯಿಟ್ಟು, ಅಮ್ಮಾ ಎಂದು ನರಳಿದೆ. ಅಷ್ಟು ಸುಲಭವಾಗಿ ನಾನು ಯಾವತ್ತೂ ನಟಿಸಿರಲಿಲ್ಲ. ಎದುರಿಗೆ ಸಾಹೇಬರ ಪೆನ್ನು ಕಾಗದದ ಮೇಲೆ ಉಜ್ಜುವ ಸದ್ದು ಕೇಳಿತು.

ಒಂದು ಗಂಟೆಗೆ ಹೊನ್ನೂರಪ್ಪ ತನ್ನ ಚೀಟಿ ಹಿಡಿದು ಬಂದ. ಅವನ ತಲೆಗೂದಲ ಮೇಲೆ ಸಿಮೆಂಟಿನ ಪುಡಿ ಇತ್ತು. ಇಸ್ಮಾಯಿಲಣ್ಣ ಮೂರನ್ನೂ ಸಾಲಾಗಿ ಇಟ್ಟು ಬೆರಳಿಟ್ಟು ಓದಿದರು. ಏರು, ಇಳಿ, ಏರು, ಏರು, ಏರು, ಇಳಿ. ನನ್ನ ಹಾಳೆಯಲ್ಲೂ ಅದೇ. ಸಾಹೇಬರದ್ದರಲ್ಲಿ ಮೊದಲ ಮೂರು ಸರಿ, ಕೊನೆಯ ಮೂರು ತಿರುಗುಮುರುಗು.

“ಮೂರು ಸರಿ ಇದೆಯಲ್ಲ,” ಎಂದರು ಸಾಹೇಬರು.

“ಆ ಮೂರು ನಾನು ತೋರಿಸಿದ್ದು ಸಾರ್. ಉಳಿದ ಮೂರೂ ನಾನು ತೋರಿಸಿದ್ದೇ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಸ್ಮಾಯಿಲಣ್ಣನಿಗೆ ಬೇಗ ಅರ್ಥವಾಯಿತು. “ಸಾಹೇಬ್ರೇ,” ಎಂದರು ಅವರು, ಸಿಟ್ಟಿಗಿಂತ ಹೆಚ್ಚಾಗಿ ಮರ್ಯಾದೆ ಹೋದವರ ಹಾಗೆ, “ಹನ್ನೊಂದು ವರ್ಷ ನಿಮ್ಮ ಭುಜಕ್ಕೆ ಎಣ್ಣೆ ತಿಕ್ಕಿದೀನಲ್ಲ ನಾನು! ಯಾವ ನೋವಿಗೆ ತಿಕ್ಕಿದೆ?”

ಸಾಹೇಬರು ತಮ್ಮ ಕೈಗಳನ್ನು ನೋಡಿಕೊಂಡರು. “ನನ್ನ ಮೊದಲನೇ ಮೋರಿ ಗೊತ್ತಾಗ್ತಿತ್ತು ಇಸ್ಮಾಯಿಲ್. ಚಿಕ್ಕದು, ಹೊಲದ ದಾರೀದು. ಲೆಕ್ಕ ನಾನೇ ಮಾಡಿದ್ದೆ. ಗಾಡಿ ಹೋದ್ರೆ ಅಂಗಾಲಲ್ಲಿ ಗೊತ್ತಾಗ್ತಿತ್ತು. ಆಮೇಲೆ ಲೆಕ್ಕದ ಕೋಣೆ ಬಂತು. ಏನೂ ಗೊತ್ತಾಗ್ಲಿಲ್ಲ. ನನಗೊಬ್ಬನಿಗೇ ಹೀಗೆ ಅಂದ್ಕೊಂಡೆ. ಬೇರೆಯವರು ಬೆನ್ನು ಅಂತಾರೆ, ಸೊಂಟ ಅಂತಾರೆ. ನಾನು ಭುಜ ಅಂದೆ.” ಮೇಲಿನ ಹಾಲ್‌ನ ಕಡೆ ನೋಡಿ ಅಂದರು, “ಅವರೂ ಹೀಗೇ ಏನೋ.”

ಹೊನ್ನೂರಪ್ಪ ತಲೆ ಕೊಡವಿಕೊಂಡ. “ಮೇಲಿಂದ ಅಂಗೈ ಅಗಲದ ಗಾರೆ ಬಿತ್ತು ಸಾರ್, ಎರಡನೇ ಕಂಬದ ಪಕ್ಕ. ಒಳಗೆ ಕಂಬಿ ಕಾಣ್ತದೆ. ನಾನು ಇನ್ನು ಆ ತುಂಬಿಸೋ ವಾಲ್ವ್ ಮುಟ್ಟಲ್ಲ.”

“ಚರಂಡಿ ಕಡೆ ವಾಲ್ವನ್ನೂ ತೆಗೆದು ಬೇಗ ಪೂರ್ತಿ ಬಿಟ್ಬಿಡು. ಇನ್ನು ತುಂಬಿಸೋ ಹಾಗಿಲ್ಲ,” ಎಂದರು ಸಾಹೇಬರು. ಅಷ್ಟು ಮಾತ್ರ ಅವರು ತಡಮಾಡದೆ ಹೇಳಿದರು.

ಟ್ಯಾಂಕಿನ ಉಳಿದ ನೀರು ಇಳಿಯುವಷ್ಟೂ ಹೊತ್ತು ನಾನು ಲೆಕ್ಕದ ಕೋಣೆಯಲ್ಲಿ ಕೂತಿದ್ದೆ. ಮಂಗಳಕ್ಕ ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. ಅವಳು ನಮ್ಮಲ್ಲಿ ಹಿರಿಯಳು, ಈ ಕೋಣೆ ತೆರೆದ ದಿನದಿಂದ ಇದ್ದವಳು, ಮೂವತ್ತೊಂದು ವರ್ಷ. ದಾಸ್ತಾನು ಕೋಣೆಯಲ್ಲಿ ಆದದ್ದನ್ನೆಲ್ಲ ಅವಳಿಗೂ ಇನ್ನಿಬ್ಬರಿಗೂ ಹೇಳಿದೆ. ಆ ಇಬ್ಬರು ನಗಾಡಿದರು, ಸಾಹೇಬರ ಪೆನ್ನು ಓಡಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಮಂಗಳಕ್ಕ ನಗಲಿಲ್ಲ. ಹೊರಗೆ, ಮಾರುಕಟ್ಟೆ ಕಡೆಯಿಂದ ಬರುವ ಚರಂಡಿಯಲ್ಲಿ ನೀರು ಹರಿಯುವ ಸದ್ದು ನಿಂತಾಗ ನನ್ನ ಹೆಗಲು ಎಷ್ಟು ಬರಿದಾಯಿತೆಂದರೆ ಬಲಕ್ಕೆ ವಾಲಿ ಗೋಡೆ ಹಿಡಿದುಕೊಂಡೆ.

“ವಾರಿಜ,” ಎಂದಳು ಮಂಗಳಕ್ಕ. “ಹಂಗಾದ್ರೆ ನನ್ನ ಮೊಣಕಾಲು ಯಾವ್ದೇ?”

ಅವಳು ಸೀರೆಯ ಮೇಲೆ ಬಲ ಮಂಡಿಗೆ ಎರಡೂ ಕೈ ಮುಚ್ಚಿಕೊಂಡಿದ್ದಳು.  ನಗಾಡುತ್ತಿದ್ದವರಲ್ಲಿ ಒಬ್ಬಳ ಕೈ ಮೆಲ್ಲಗೆ ತನ್ನ ಕತ್ತಿನ ಹಿಂದಕ್ಕೆ ಹೋಯಿತು. ಮೂವತ್ತೊಂದು ವರ್ಷದಲ್ಲಿ ಮಂಗಳಕ್ಕ ಲೆಕ್ಕ ಮಾಡಿದ್ದು ನೂರಕ್ಕೆ ಕಡಿಮೆಯಿಲ್ಲ. ನಾನು ಹೊಸ ಹಾಳೆ ತೆಗೆದುಕೊಂಡೆ.

“ಯಾವಾಗಿಂದ ಅಕ್ಕಾ?”

“ನೋವು ಹಳೇದು ಕಣೆ. ಆದ್ರೆ ಹಿಂಗೆ ಕಡಿಯೋದು ಹೋದ ವಾರ ಸೋಮವಾರದಿಂದ. ಒಳಗೆ ಏನೋ ಜರುಗ್ತದೆ.”

“ಯಾವ ಹೊತ್ತಿಗೆ?”

“ಹತ್ತು ಗಂಟೆಗೆ ಶುರು. ಸಂಜೆ ನಾಲ್ಕೂವರೆಗೆ ಯಾರೋ ಕೈ ತೆಗೆದಂಗೆ ಹೋಗ್ತದೆ. ಮಧ್ಯೆ ಒಂದರಿಂದ ಎರಡರ ತನಕ ಪರವಾಗಿಲ್ಲ.”

“ಭಾನುವಾರ?”

“ಭಾನುವಾರ ಇರಲ್ಲ.” ಹೇಳುತ್ತಿರುವಾಗಲೇ ಅವಳ ದನಿ ಕುಂದಿತು. “ಶನಿವಾರ ಬೆಳಿಗ್ಗೆ ಮಾತ್ರ.”

ನಾನು ಬರೆಯುವುದನ್ನು ನಿಲ್ಲಿಸಿದೆ. ಆರು ವರ್ಷದ ಹಿಂದೆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮೂರನೆಯ ಮಹಡಿ ಸೇರಿಸಿದಾಗ ಆ ಲೆಕ್ಕವನ್ನು ಎರಡು ಸಲ ತಾಳೆ ನೋಡಿದವಳು ನಾನೇ. ಮಾಡಿದವಳು ಮಂಗಳಕ್ಕ. ಹೊರಗೆ ಮಧ್ಯಾಹ್ನದ ಬಿಸಿಲು ಇನ್ನೂ ನೇರವಾಗಿತ್ತು. ಗಡಿಯಾರದಲ್ಲಿ ಎರಡೂವರೆ. ಊಟದ ಬಿಡುವು ಮುಗಿದು ಅರ್ಧ ಗಂಟೆ ಆಗಿತ್ತು, ಆರುನೂರು ಹುಡುಗಿಯರು ತಂತಮ್ಮ ಬೆಂಚಿನಲ್ಲಿ ಕೂತಿದ್ದರು.

ಮಂಗಳಕ್ಕ ಏಳಲು ಮೇಜು ಹಿಡಿದಳು. ಮಂಡಿ ನೆಟ್ಟಗಾಗಲಿಲ್ಲ. “ನನ್ನ ಕಾಯ್ಬೇಡ, ಓಡೇ!” ಎಂದಳು. ನಾನು ಓಡಿದೆ. ಕಚೇರಿಯ ಮುಂದಿನ ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳು ಕೂಗಿ ಹೇಳುತ್ತಿದ್ದಳು, ಮೂರನೇ ಮಹಡಿಯ ಮಕ್ಕಳನ್ನ ಮೊದಲು ಇಳಿಸು, ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ಬರದ ಹಾಗೆ ನೋಡ್ಕೋ, ಒಂದೊಂದೇ ಕ್ಲಾಸು, ಒಂದೊಂದೇ.